ನೆಟ್ಟಗೆ ಕೂತ ನೀಲಮ್ಮ

"ಇನ್ನೊಂಚೂರು ಮೇಲಕ್ಕೆತ್ತಿ, ವಾಲ್ತಾ ಇದೆ," ಎಂದರು ಜಂಗಮರಾದ ಸದಾಶಿವಯ್ಯ. ಲಿಂಗಯ್ಯ ತೀರಿಕೊಂಡ ಹೆಂಡತಿ ನೀಲಮ್ಮನ ಭುಜ ಹಿಡಿದುಕೊಂಡ. ಯಾರೋ ಅವಳ ಬೆನ್ನಿಗೆ ದಿಂಬು ಕೊಟ್ಟು, ಎದೆಗೆ ಸುತ್ತಿದ ವಸ್ತ್ರವನ್ನು ಗೋಡೆಯ ಗೂಟಕ್ಕೆ ಬಿಗಿದರು. ಲಿಂಗಾಯತರಾದ ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುವುದು. ಹಣೆತುಂಬ ವಿಭೂತಿ ಬಳಿಸಿಕೊಂಡು ನೀಲಮ್ಮ ಯಜಮಾನಿಯ ಗತ್ತಿನಲ್ಲೇ ಕೂತಿದ್ದಳು.

"ಎಂಗೆ ಕೂತವ್ಳೆ ನೋಡಿ ಭಾವ," ಎಂದಳು ಅವಳ ತಂಗಿ ದೇವಿರಮ್ಮ. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರೂ ಅವಳು ಮಾತ್ರ ಬೆಳಗಿನಿಂದ ಬಾಗಿಲಿಗೊರಗಿ ನಿಂತೇ ಇದ್ದಳು. "ನಂಗೆ ಈ ಸೊಂಟ ಕೂರಕ್ಕೇ ಬುಡಲ್ಲ. ಎಕ್ಸ್‌-ರೇಲಿ ಏನೂ ಇಲ್ವಂತೆ. ಮನೇಲಿ ನಾಟ್ಕ ಅಂತಾರೆ. ಅಕ್ಕ ನುಂಗ್ತಿದ್ಳಲ್ಲ ನರದ ಮಾತ್ರೆ, ಉಳಿದಿದ್ರೆ ಕೊಟ್ಬುಡಿ."

ಆ ನರದ ಮಾತ್ರೆ ಎಂಬುದು ಲಿಂಗಯ್ಯನೇ ಹುಟ್ಟಿಸಿದ ಸುಳ್ಳು.

*

ತೊಂಬತ್ತಾರನೇ ಇಸವಿಯಲ್ಲಿ ನೀಲಮ್ಮನೂ ಹೀಗೆಯೇ, ಊಟ ಕೂಡ ನಿಂತೇ ಮಾಡುತ್ತಿದ್ದಳು. ಎಣ್ಣೆ, ಲೇಪ, ಎಕ್ಸ್‌-ರೇ ಎಲ್ಲ ಆದವು. ನಗು ಬತ್ತಿ ನಿದ್ದೆ ಹಾರಿಹೋಗಿದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ನಜರ್‌ಬಾದಿನ ಮನೋವೈದ್ಯರೊಬ್ಬರು ಅದನ್ನೇ ಕೇಳಿದರು. ಲಿಂಗಯ್ಯನಿಗೆ ಲಷ್ಕರ್ ಮೊಹಲ್ಲಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಎಂದು ತಿಳಿದು ನಕ್ಕರು.

"ಹಾಗಾದ್ರೆ ನಿಮಗೆ ಬೇಗ ಅರ್ಥವಾಗುತ್ತೆ. ಇವರ ನೋವು ನಿಜ ಕಣ್ರೀ. ಮೆದುಳಲ್ಲಿ ಸೆರೊಟೋನಿನ್ ಅಂತ ಒಂದು ರಾಸಾಯನಿಕ ಇದೆ. ಮನಸ್ಸಿನ ಲವಲವಿಕೆಗೂ ಬೇಕು, ನೋವಿನ ವಾಲ್ಯೂಮ್ ತಗ್ಗಿಸೋಕೂ ಬೇಕು. ಖಿನ್ನತೇಲಿ ಅದು ಏರುಪೇರಾದ್ರೆ ಸಣ್ಣ ನೋವೂ ಜೋರಾಗಿ ಕೇಳುತ್ತೆ."

ಅರ್ಥವೇನೋ ಆಯಿತು, ಮಾತ್ರೆಯನ್ನೂ ಬರೆಸಿಕೊಂಡು ಬಂದರು. ಆದರೆ ಮಗಳ ಮದುವೆ ಎದುರಿಗಿತ್ತು, ಮನಸ್ಸಿನ ಕಾಯಿಲೆ ಎಂದರೆ ಗಂಡಿನ ಕಡೆಯವರು ಹಿಂಜರಿದಾರು. "ಯಾರಾದ್ರೂ ಕೇಳಿದ್ರೆ ನರದ ಮಾತ್ರೆ ಅಂದ್ಬುಡು," ಎಂದ ಹೆಂಡತಿಗೆ.

"ನಿಮ್ಮಿಷ್ಟ. ನಂಗೆ ಕೂರಕ್ಕಾದ್ರೆ ಸಾಕು."

ತಿಂಗಳುಗಳು ಕಳೆದಂತೆ ಕೂರತೊಡಗಿದಳು. ಮೊದಲು ಊಟಕ್ಕೆ, ಆಮೇಲೆ ಜಗಲಿಯ ಹರಟೆಗೆ, ಅದಾದ ಮೇಲೆ ಸ್ಕೂಟರಿನ ಹಿಂದೆ ದಸರಾ ವಸ್ತುಪ್ರದರ್ಶನಕ್ಕೆ. ಕೂತರೆ ಏಳುತ್ತಲೇ ಇರಲಿಲ್ಲ ಪುಣ್ಯಾತ್ಗಿತ್ತಿ! ಎಂಟು ವರ್ಷ ಹಾಗೆ ನಗುನಗುತ್ತ ಕೂತವಳು, ನಿನ್ನೆ ಅವರೆಕಾಯಿ ಬಿಡಿಸುತ್ತ ಕೂತಲ್ಲೇ ಕಣ್ಣು ಮುಚ್ಚಿದ್ದಳು.

*

"ಅದು ನರದ ಮಾತ್ರೆ ಅಲ್ಲ ಕಣಮ್ಮ," ಎಂದ ಲಿಂಗಯ್ಯ, ಎಲ್ಲರಿಗೂ ಕೇಳುವ ಹಾಗೆ. "ಖಿನ್ನತೆಗೆ ಕೊಟ್ಟಿದ್ದು. ಮನಸ್ಸಿನ ಡಾಕ್ಟ್ರು ಕೊಟ್ಟಿದ್ದು. ನಾನೇ ಮುಚ್ಚಿಟ್ಟಿದ್ದೆ."

ದೇವಿರಮ್ಮನ ಮುಖ ಕೆಂಪಾಯಿತು. "ಅಂದ್ರೆ ನಂಗೂ ತಲೆ ಕೆಟ್ಟದೆ ಅಂತೀರಾ?"

"ನಿಮ್ಮಕ್ಕಂಗೆ ಕೆಟ್ಟಿತ್ತಾ? ರಾತ್ರಿ ನಿದ್ದೆ ಬತ್ತದಾ ನಿಂಗೆ?"

ದೇವಿರಮ್ಮ ತಲೆಯಾಡಿಸಿದಳು. ಕಣ್ಣು ತುಂಬಿಕೊಂಡವು. "ಇಲ್ಲ ಭಾವ."

"ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬಾರ್ದು. ಸೋಮವಾರ ಬಾ, ಡಾಕ್ಟ್ರ ಹತ್ರ ನಾನೇ ಕರ್ಕೊಂಡೋಗ್ತೀನಿ. ನಿಂದು ಏನು ಅಂತ ಅವ್ರೇ ನೋಡ್ಲಿ. ನಾಟ್ಕ ಅಂತೂ ಅನ್ನಲ್ಲ."

ಅವನು ಬಗ್ಗಿ, ಹೆಂಡತಿಯ ಬೆನ್ನ ಹಿಂದಿನಿಂದ ದಿಂಬನ್ನು ಮೆಲ್ಲಗೆ ಎಳೆದ. "ಹೆಣದ ದಿಂಬು..." ಎಂದು ಯಾರೋ ಗೊಣಗಿದರು.

"ಲಿಂಗ ಕಟ್ಟಿದ ನಮಗೆಂಥ ಸೂತಕ?" ಎಂದರು ಸದಾಶಿವಯ್ಯ. "ತಗೊಳ್ಳಮ್ಮ."

ದೇವಿರಮ್ಮ ಹಲ್ಲು ಕಚ್ಚಿಕೊಂಡು ಅಕ್ಕನ ಪಕ್ಕದಲ್ಲಿ ಕುಸಿದು ಕೂತಳು. ಲಿಂಗಯ್ಯ ಅವಳ ಸೊಂಟಕ್ಕೆ ದಿಂಬು ಕೊಟ್ಟು ಹೆಂಡತಿಯ ಕಡೆ ನೋಡಿದ. ದಿಂಬಿಲ್ಲದೆಯೂ ನೀಲಮ್ಮ ನೆಟ್ಟಗೆ ಕೂತಿದ್ದಳು.