ಚಾದರದ ಇನ್ನೊಂದು ತುದಿ

ಚಳಿ ಇಳಿಯುತ್ತಿದ್ದ ಕಾಲ, ಬೆಳಗಿನ ಹೊತ್ತು. ತೀರಿಹೋದ ನಮ್ಮಣ್ಣನ ಇಸ್ತ್ರಿ ಅಂಗಡಿಯಲ್ಲಿ ನಾನು ಇಸ್ತ್ರಿಪೆಟ್ಟಿಗೆ ಕಾಯಲಿಟ್ಟಿದ್ದೆ. ಅಣ್ಣನ ಕಿರಿಮಗಳು ಗೋಡೆಗೆ ಮೊಳೆ ಹೊಡೆದು, ಅದಕ್ಕೊಂದು ಕ್ಲಿಪ್ಪು ಕಟ್ಟಿದಳು. ಒಗೆದ ಚಾದರದ ಒಂದು ತುದಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಬ್ಬಳೇ ಮಡಚತೊಡಗಿದಳು. ಮೊದಲೆಲ್ಲ ಆ ತುದಿ ಅವಳಕ್ಕನ ಕೈಯಲ್ಲಿರುತ್ತಿತ್ತು.

ಅವರಮ್ಮ ತೀರಿಕೊಂಡಾಗ ದೊಡ್ಡವಳು ತುಂಬು ಬಸುರಿ, ಗಂಡನ ಮನೆಯಲ್ಲಿದ್ದಳು. ಎಲ್ಲ ಮುಗಿದ ಮೇಲೆ ಅವಳಿಗೆ ಸುದ್ದಿ ಮುಟ್ಟಿತು. ಮಗುವಿನೊಂದಿಗೆ ಅಂಗಡಿಗೆ ಮರಳಿದವಳು ತಂಗಿಯ ಹತ್ತಿರ ಮಾತೇ ಆಡಲಿಲ್ಲ. ಆಮೇಲೆ ಅಂಗಡಿ ಮಾರಿ ತನ್ನ ಪಾಲು ಕೊಡಿಸಿ ಎಂದು ಕೋರ್ಟಿಗೆ ಹೋದಳು. ಚಿಕ್ಕವಳಿಗೆ ಆ ಅಂಗಡಿ ಬಿಟ್ಟರೆ ಬೇರೆ ಗತಿಯಿರಲಿಲ್ಲ.

“ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಕಣಮ್ಮ” ಅಂದೆ ದೊಡ್ಡವಳಿಗೆ.

“ನಾನು ಸತ್ರೂ ಇವಳು ಹೇಳಿ ಕಳಿಸಲ್ಲ ಬಿಡಿ, ಚಿಕ್ಕಪ್ಪ” ಅಂದಳು.

ಕೋರ್ಟಿನವರು ಇಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಿದರು. ಹಿರಿಯನೆಂದು ನಾನೂ ಹೋದೆ. ಸಣ್ಣ ಕೋಣೆ, ದುಂಡು ಮೇಜು. ಮಧ್ಯಸ್ಥಿಕೆಯ ಹೆಂಗಸು ಒಂದೇ ಕಟ್ಟಳೆ ಹಾಕಿದರು: “ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಹಾಗೇ ತಿರುಗಿ ಹೇಳ್ಬೇಕು. ಹೇಳಿದವರು ಹೌದು ಅಂದ್ಮೇಲೇ ನಿಮ್ಮ ಮಾತು.”

ದೊಡ್ಡವಳು ಅಂದಳು, “ಅಮ್ಮ ಹೋಗೋವಾಗ ನೀನು ನನ್ನ ಕರೀಲಿಲ್ಲ.”

ಚಿಕ್ಕವಳು, “ಅಮ್ಮ ಹೋಗೋವಾಗ ನೀನು ಬರ್ಲಿಲ್ಲ.”

“ನಾನು ಹಾಗಂದೆನಾ? ಕಿವಿಗೂ ಗಂಜಿ ಹಾಕಿ ಇಸ್ತ್ರಿ ಮಾಡಿದೀಯಾ?”

ಆ ಹೆಂಗಸು ನಗಲಿಲ್ಲ. “ಇನ್ನೊಂದ್ಸಲ ಹೇಳಮ್ಮ.”

ಮತ್ತೆಯೂ ಚಿಕ್ಕವಳ ಬಾಯಲ್ಲಿ “ಬರ್ಲಿಲ್ಲ” ಎಂದೇ ಬಂತು. ಯಾರೂ ಅವಸರ ಮಾಡಲಿಲ್ಲ. ಅವಳು ಸೆರಗಿನ ಅಂಚನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

“ಅಮ್ಮ ಹೋಗೋವಾಗ... ನಾನು ನಿನ್ನ ಕರೀಲಿಲ್ಲ.”

“ಹೌದು” ಅಂದಳು ದೊಡ್ಡವಳು. ದನಿ ಇಳಿದಿತ್ತು.

“ಅಮ್ಮನೇ ಬೇಡ ಅಂದ್ಲು ಅಕ್ಕ. ‘ಬಸುರಿ ಹುಡುಗಿ, ಗಾಬರಿ ಬೀಳ್ತಾಳೆ, ಆಣೆ ಇಡು’ ಅಂದ್ಲು. ಸತ್ತವಳ ಮೇಲೆ ನಿಂಗೆ ಸಿಟ್ಟು ಬರೋದು ಬೇಡ ಅಂತ ತಪ್ಪು ನಾನೇ ಹೊತ್ಕೊಂಡೆ. ಆದ್ರೂ, ನೀನಾಗೇ ಬರ್ತೀಯೇನೋ ಅಂತ ಬಾಗಿಲು ನೋಡ್ತಾನೇ ಇದ್ದೆ.”

ಈಗ ದೊಡ್ಡವಳು ತಿರುಗಿ ಹೇಳಬೇಕಿತ್ತು. “ಅಮ್ಮನೇ ಬೇಡ ಅಂದ್ಲು” ಎಂದಷ್ಟೇ ಹೇಳಿ ತಂಗಿಯ ಕೈ ಹಿಡಿದುಕೊಂಡಳು. ಮುಂದಿನದನ್ನು ಅವಳಿಂದ ಯಾರೂ ಕೇಳಲಿಲ್ಲ.

ಅಂಗಡಿ ಮಾರುವ ಮಾತು ಅಲ್ಲಿಗೇ ಬಿತ್ತು. ಬುಧವಾರ ಸಂಜೆ ದೊಡ್ಡವಳು ಬಂದು ಚಾದರದ ತುದಿ ಹಿಡಿದಳು. ರಾಶಿ ಮುಗಿಯುವವರೆಗೆ ಇಬ್ಬರೂ ಹತ್ತಿರ ಬಂದು ದೂರ ಸರಿಯುತ್ತಿದ್ದರು. ನಾನು ಮೊಳೆ ಕೀಳಲು ಹೋದೆ.

“ಇರ್ಲಿ ಚಿಕ್ಕಪ್ಪ” ಅಂದಳು ದೊಡ್ಡವಳು. “ನಾಳೆಯಿಂದ ಅವಳಿಗೆ ಬೇಕಾಗುತ್ತೆ.”

ಗಂಡನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತ್ತು. ಮಗುವನ್ನೆತ್ತಿಕೊಂಡು ಅವಳು ಹೊರಟದ್ದು ಗುರುವಾರ.