ಬಾಯಿ ತೆರೆದ ಅಚ್ಚು

ಅಚ್ಚಿನ ಕೋಣೆಗೆ ಹೊಸದಾಗಿ ಸೇರಿದವರಿಗೆಲ್ಲ ಮೇಸ್ತ್ರಿ ಮೊದಲು ಒಂದು ಆಟ ತೋರಿಸುತ್ತಿದ್ದ. ಗೋಡೆಗೆ ಒರಗಿಸಿಟ್ಟ ಪ್ಲಾಸ್ಟರ್ ಅಚ್ಚುಗಳ ಮುಂದೆ ಈ ತುದಿಯಿಂದ ಆ ತುದಿಗೆ ನಡೆಸುವುದು. ಅಚ್ಚೆಂದರೆ ಮುಖದ ಒಳಮಗ್ಗುಲು: ಮೂಗಿರಬೇಕಾದಲ್ಲಿ ಗುಳಿ, ಕೆನ್ನೆಯಿರಬೇಕಾದಲ್ಲಿ ಹಳ್ಳ. ಆದರೂ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಆ ಗುಳಿಗಳೆಲ್ಲ ಉಬ್ಬಿ ಮುಖಗಳಾಗಿ, ನಡೆಯುವವರ ಕಡೆಗೇ ಮೆಲ್ಲಗೆ ಹೊರಳುತ್ತಿದ್ದವು.

“ಹೆದರ್ಕೋಬೇಡಮ್ಮ, ತಿರುಗ್ತಿರೋದು ಅವಲ್ಲ. ನಿನ್ನ ಕಣ್ಣೇ ನಿನಗೆ ಟೋಪಿ ಹಾಕ್ತಿದೆ,” ಎಂದು ಮೇಸ್ತ್ರಿ ನಕ್ಕಿದ್ದ.

ಎರಕ ಹೊಯ್ಯುವ ಕೆಲಸಕ್ಕೆಂದು ಬಂದ ಹುಡುಗಿ ಹೆದರಲಿಲ್ಲ. ಕಣ್ಣಿನ ಈ ಮೋಸದ ಬಗ್ಗೆ ಅವಳು ಓದಿದ್ದಳು. ಅವಳು ಬೆಚ್ಚಿದ್ದು ಬೇರೆ ಕಾರಣಕ್ಕೆ. ಸಾಲಿನ ಕೊನೆಯ ಅಚ್ಚೊಂದು ಮಾತ್ರ ಹೊರಳಲಿಲ್ಲ. ಅವಳು ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಅದು ಬಾಗಿಲನ್ನೇ ನೋಡುತ್ತಿತ್ತು. ಉಳಿದ ಮುಖಗಳೆಲ್ಲ ತುಟಿ ಬಿಗಿದು ಮಲಗಿದ್ದರೆ ಅದೊಂದರ ಬಾಯಿ ತೆರೆದಿತ್ತು.

“ಅದರ ತಂಟೆ ಬೇಡ,” ಎಂದು ಮೇಸ್ತ್ರಿ ದೀಪ ಆರಿಸಿದ್ದ.

ಆದರೆ ಅದರ ತಂಟೆ ನಿರ್ದೇಶಕರಿಗೇ ಬೇಕಾಗಿತ್ತು. ವಸ್ತುಸಂಗ್ರಹಾಲಯದಲ್ಲಿ ‘ಮನುಷ್ಯನಾದ ಬಗೆ’ ಎಂಬ ಹೊಸ ವಿಭಾಗ ಏಳುತ್ತಿತ್ತು. ಬೆನ್ನು ಬಾಗಿದ ವಾನರನಿಂದ ಎದೆ ಸೆಟೆಸಿದ ಮನುಷ್ಯನವರೆಗೆ ಗೊಂಬೆಗಳ ಸಾಲು. ವಿಕಾಸವೆಂದರೆ ಮೆಟ್ಟಿಲಲ್ಲ, ಟಿಸಿಲೊಡೆದ ಮರ ಎಂದು ಪಾಠ ಕಲಿತು ಬಂದಿದ್ದ ಹುಡುಗಿ ಮೊದಲ ಸಭೆಯಲ್ಲೇ ಬಾಯಿಬಿಟ್ಟಿದ್ದಳು. “ಜನಕ್ಕೆ ಮೆಟ್ಟಿಲೇ ಇಷ್ಟ,” ಎಂದು ನಿರ್ದೇಶಕರು ಮಾತು ಮುಗಿಸಿದ್ದರು. ಮೆಟ್ಟಿಲು ಯಾರಿಗೆ ಇಷ್ಟ? ಮೇಲೆ ನಿಂತವರಿಗೆ. ಸಾಲಿನ ತುದಿಯ ಗೊಂಬೆಗೆ ತಮ್ಮ ಮುಖವನ್ನೇ ಇಡಬೇಕೆಂದು ನಿರ್ದೇಶಕರು ಅಪ್ಪಣೆ ಮಾಡಿದ್ದರು. ಹಾಗಾಗಿ ಕೆಲಸಗಾರರು ಬೆನ್ನ ಹಿಂದೆ ಅವರನ್ನು ಪೂರ್ಣಮಾನವ ಎಂದೇ ಕರೆಯುತ್ತಿದ್ದರು.

ಸಾಲಿನ ನಟ್ಟನಡುವಿನ ಗೊಂಬೆಗೆ ಆ ಬಾಯಿ ತೆರೆದ ಅಚ್ಚು. ಹುಡುಗಿ ಅದಕ್ಕೆ ಎರಕ ಹೊಯ್ದಳು, ಬಣ್ಣ ಹಚ್ಚಿದಳು, ಹುಬ್ಬಿನ ಕೂದಲು ಒಂದೊಂದಾಗಿ ಚುಚ್ಚಿದಳು. ಅರ್ಧ ಮೃಗ, ಅರ್ಧ ಮನುಷ್ಯ ಎಂಬಂತೆ ನಿಲ್ಲಿಸಿದ ಆ ಗೊಂಬೆಯ ಕಾಲಬುಡದಲ್ಲಿ ಫಲಕ: ‘ಮಾತು ಹುಟ್ಟಿದ ಗಳಿಗೆ’. ತೆರೆದ ಬಾಯಿ ಮೊದಲ ಮಾತಿಗೆ ತಡವರಿಸುತ್ತಿದೆಯಂತೆ. ವಿಭಾಗದ ಉದ್ಘಾಟನೆಯ ದಿನವೇ ಅವಳ ಕೆಲಸ ಕಾಯಂ ಆಗುವುದಿತ್ತು. ಗುಡ್ಡದಾಚೆಯ ಜನರಲ್ಲಿ ಈ ಕಟ್ಟಡಕ್ಕೆ ಕೆಲಸಕ್ಕೆಂದು ಕಾಲಿಟ್ಟವಳು ಅವಳೇ ಮೊದಲಿಗಳು. ಅವಳಿಗಿಂತ ಮೊದಲು ಬಂದ ಅವಳ ಜನ ಗಾಜಿನ ಪೆಟ್ಟಿಗೆಗಳಲ್ಲಿ ಬಂದಿದ್ದರು.

ಸಂಜೆ ಮನೆಗೆ ಹೋದವಳೇ ಫೋನಿನಲ್ಲಿದ್ದ ಗೊಂಬೆಯ ಚಿತ್ರವನ್ನು ಅಜ್ಜಿಯ ಮುಂದೆ ಹಿಡಿದಳು. “ನೋಡಜ್ಜಿ, ನನ್ನ ಕೈಕೆಲಸ.”

ಅಜ್ಜಿ ಕನ್ನಡಕ ಏರಿಸಿದಳು. ಈ ಅಜ್ಜಿ ಎಂಥ ಚಳಿಯಲ್ಲೂ ಮುಖದ ಮೇಲೆ ಹೊದಿಕೆ ಎಳೆದುಕೊಂಡವಳಲ್ಲ. ಮುಖ ತೊಳೆಯುವಾಗಲೂ ಒಂದು ಕಣ್ಣು ತೆರೆದಿಟ್ಟುಕೊಂಡೇ ತೊಳೆಯುವವಳು. ಮನೆಯವರಿಗೆ ಅದೊಂದು ತಮಾಷೆ. ಅಜ್ಜಿ ಚಿತ್ರವನ್ನು ಕಣ್ಣ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, ಎದುರಿಗೆ ಕೂತವರನ್ನು ಕರೆಯುವ ಹಾಗೆ, “ಅಕ್ಕಾ,” ಎಂದಳು.

“ಯಾರಜ್ಜಿ?”

“ಆ ಮುಂದಿನ ಹಲ್ಲು ಅರ್ಧ ಇದೆಯಲ್ಲ, ಅದು ನಾನೇ ಮುರಿದದ್ದು. ಕಲ್ಲಾಟ ಆಡ್ತಿದ್ವಿ.” ಅಜ್ಜಿ ಗಾಜಿನ ಮೇಲೆ ಆ ಹಲ್ಲನ್ನು ಬೆರಳಿಂದ ಮುಟ್ಟಿದಳು. “ಬಿಳಿ ಕೋಟಿನವರು ಬಂದಿದ್ರು ಮಗಾ. ಡೇರೆ ಹಾಕಿದ್ರು. ಮುಖಕ್ಕೆ ಮಣ್ಣು ಮೆತ್ತಿಸ್ಕೊಂಡೋರಿಗೆ ಕನ್ನಡಿ ಕೊಡ್ತೀವಿ ಅಂದ್ರು. ಅಕ್ಕ ಒಳಗೆ ಹೋದ್ಲು. ಮುಂದಿನ ಸರದಿ ನಂದು. ಅವಳು ಹೊರಗೆ ಬರಲೇ ಇಲ್ಲ. ಜ್ವರ ಬಂತು, ಆಸ್ಪತ್ರೆಗೆ ಕರ್ಕೊಂಡು ಹೋದ್ವಿ ಅಂದ್ರು. ಇವತ್ತಿಗೂ ಆ ಆಸ್ಪತ್ರೆ ಎಲ್ಲಿದೆ ಅಂತ ಒಬ್ಬರೂ ಹೇಳಿಲ್ಲ.”

ಮರುದಿನ ಬೆಳಗ್ಗೆ ಹುಡುಗಿ ಬಾಗಿಲು ಹಾಕಿಕೊಂಡು ಅಚ್ಚನ್ನು ಕಿಟಕಿಗೆ ಹಿಡಿದಳು. ಜೀವಂತ ಮುಖದ ಅಚ್ಚು ತೆಗೆಯುವಾಗ ಮೂಗಿನ ಹೊಳ್ಳೆಗಳಿಗೆ ಎರಡು ಕೊಳವೆ ಇಡುತ್ತಾರೆ, ಉಸಿರಾಟಕ್ಕೆ. ಹಾಗಾಗಿ ಪ್ರತಿ ಅಚ್ಚಿನಲ್ಲೂ ಮೂಗಿನ ಬಳಿ ಎರಡು ತೂತು ಉಳಿದು ಬೆಳಕು ತೂರುತ್ತದೆ. ಇದರಲ್ಲಿ ತೂತುಗಳಿದ್ದವು, ಆದರೆ ಬೆಳಕು ಬರಲಿಲ್ಲ. ಯಾರೋ ಆತುರದಲ್ಲಿ ಪ್ಲಾಸ್ಟರನ್ನು ನೀರಾಗಿ ಕಲಸಿದ್ದರು. ಅದು ಹರಿದು ಕೊಳವೆಗಳ ಒಳಕ್ಕಿಳಿದು ಅಲ್ಲೇ ಗಟ್ಟಿಯಾಗಿತ್ತು. ಮಾತಿಗಾಗಿ ತೆರೆದ ಬಾಯಲ್ಲ ಅದು. ರೆಪ್ಪೆಯ ಕಡೆ ಎರಡು ಕೂದಲು ಇನ್ನೂ ಪ್ಲಾಸ್ಟರಿನಲ್ಲಿ ಕಚ್ಚಿಕೊಂಡಿದ್ದವು.

“ನಿಮಗೆ ಗೊತ್ತಿತ್ತು,” ಎಂದಳು ಮೇಸ್ತ್ರಿಗೆ.

ಅವನು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದ. “ಇಷ್ಟು ವರ್ಷ ಎರಕ ಹೊಯ್ದವನಿಗೆ ಗೊತ್ತಾಗಲ್ವಾ ಹೇಳು? ಹೊಟ್ಟೆಪಾಡು ತಾಯಿ. ಕಂಡದ್ದನ್ನೆಲ್ಲ ಆಡಿದ್ರೆ ನಾನಿಲ್ಲಿ ಇರ್ತಿದ್ನಾ?”

ನಿರ್ದೇಶಕರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅವರು ಕೂಗಾಡುವ ಜಾತಿಯವರಲ್ಲ, ನಯವಾಗಿ ಕೊಯ್ಯುವವರು. “ನಿಮ್ಮ ಅಜ್ಜಿಯವರ ದುಃಖ ನನಗೆ ಅರ್ಥವಾಗುತ್ತೆ. ಆದರೆ ವಯಸ್ಸಾದವರ ನೆನಪು ವಿಜ್ಞಾನ ಅಲ್ಲ ನೋಡಿ. ಆ ಗೊಂಬೆ ನಮ್ಮ ವಿಭಾಗದ ಕಿರೀಟ.”

“ಅದು ಗೊಂಬೆ ಅಲ್ಲ ಸರ್, ಹೆಣದ ಮುಖ. ನಮ್ಮ ದೊಡ್ಡಜ್ಜಿ.”

“ನಿಮ್ಮ ಕೆಲಸ ಕಾಯಂ ಮಾಡೋ ಆದೇಶ ನನ್ನ ಮೇಜಿನ ಮೇಲಿದೆ. ಸಹಿ ಒಂದೇ ಬಾಕಿ.” ಅವರು ಪೆನ್ನಿನ ಮುಚ್ಚಳ ಹಾಕಿದರು. “ನಾಳೆ ಶಾಲೆ ಮಕ್ಕಳು ಬರ್ತಾರೆ. ಸಂಗ್ರಹಾಲಯದಲ್ಲಿ ಏನೇನು ಕೆಲಸ ಸಿಗುತ್ತೆ ಅಂತ ಅವರಿಗೆ ತೋರಿಸ್ಬೇಕು. ಕೊನೇ ಗೊಂಬೆಗೆ ಬೇಕಾದ ನನ್ನ ಮುಖದ ಅಚ್ಚನ್ನ ಅವರೆದುರಿಗೇ ತೆಗೀರಿ. ಹೋಲಿಕೆಗೆ ಆ ಹಳೇ ಅಚ್ಚನ್ನೂ ಪಕ್ಕದಲ್ಲಿಡಿ.”

ಅವಳು ಹೂಂ ಎಂದಳು. ಅಜ್ಜಿಯನ್ನು ಕರೆತರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಮರುದಿನ ಗೊಂಬೆಗಳ ಸಾಲು ನಿಂತಿದ್ದ ದೊಡ್ಡ ಹಜಾರದಲ್ಲಿ ಹಗ್ಗದಾಚೆ ಮಕ್ಕಳು ಗಿಜಿಗುಟ್ಟುತ್ತಿದ್ದರು. ಮೇಜಿನ ಮೇಲೆ ನಿರ್ದೇಶಕರು ಅಂಗಾತ ಮಲಗಿದ್ದರು. ತಲೆಯ ಪಕ್ಕದಲ್ಲಿ ಬಾಯಿ ತೆರೆದ ಅಚ್ಚು, ಎಂದಿನಂತೆ ಬಾಗಿಲ ಕಡೆಗೆ ಮುಖಮಾಡಿ. ಹುಡುಗಿ ಅವರ ಹುಬ್ಬಿಗೆ ವ್ಯಾಸಲೀನ್ ಸವರಿದಳು, ಕೊಳವೆಗಳನ್ನಿಟ್ಟಳು, ಬೆರಳಿಟ್ಟು ಉಸಿರು ನೋಡಿಕೊಂಡಳು. ಪ್ಲಾಸ್ಟರನ್ನು ಮೊಸರಿನಷ್ಟು ಗಟ್ಟಿಯಾಗಿ ತಾನೇ ಕಲಸಿದ್ದಳು. ಕೋಪವಿರಲಿ, ಕೈ ತಪ್ಪಬಾರದು. ಒಬ್ಬರ ಕೈ ತಪ್ಪಿದ್ದೇ ಸಾಕಾಗಿತ್ತು.

“ಕೆಮ್ಮಬೇಡಿ, ನಗಬೇಡಿ. ಕಷ್ಟ ಆದ್ರೆ ಕೈ ಎತ್ತಿ,” ಎಂದಳು. ಬಿಳಿ ಹಿಟ್ಟು ಗಲ್ಲ, ತುಟಿ, ಕಣ್ಣು ಎಲ್ಲವನ್ನೂ ನುಂಗಿತು. ಪೂರ್ಣಮಾನವನಿಗೆ ಉಳಿದದ್ದು ಎರಡು ಕೊಳವೆ.

ಆಗ ಬಾಗಿಲು ತೆರೆಯಿತು. ಮೇಸ್ತ್ರಿ ಅಜ್ಜಿಯ ಕೈಹಿಡಿದು ಕರೆತಂದು ದೂರದ ಗೋಡೆಯ ಪಕ್ಕದ ಕುರ್ಚಿಯತ್ತ ನಡೆಸಿದ. ಅಜ್ಜಿ ಒಂದೊಂದು ಹೆಜ್ಜೆ ಇಟ್ಟಂತೆಲ್ಲ ಅಚ್ಚು ಹೊರಳಿತು. ಹುಡುಗಿ ನಿಂತಲ್ಲಿಂದ ಕದಲಿರಲಿಲ್ಲ. ಅವಳ ಕಣ್ಣು ಅವಳಿಗೆ ಟೋಪಿ ಹಾಕಲು ಅಲ್ಲಿ ಕಾರಣವೇ ಇರಲಿಲ್ಲ. ಅಜ್ಜಿ ಕೂತಳು, ಅಚ್ಚು ನಿಂತಿತು.

ಹುಡುಗಿ ಮಕ್ಕಳ ಕಡೆ ತಿರುಗಿದಳು. “ಈ ಅಚ್ಚು ಒಬ್ಬ ಹುಡುಗಿಯದು. ಹೆಚ್ಚುಕಮ್ಮಿ ನಿಮ್ಮ ವಯಸ್ಸು. ಲಕ್ಷ ವರ್ಷದ ಹಿಂದಿನವಳಲ್ಲ. ಅಲ್ಲಿ ಕೂತಿದ್ದಾರಲ್ಲ, ಅವರ ಸ್ವಂತ ಅಕ್ಕ...”

ಪ್ಲಾಸ್ಟರಿನ ಕೆಳಗಿನಿಂದ ಗುರ್ ಎಂಬ ಸದ್ದು ಬಂತು. ಬೇಡವೆಂಬಂತೆ ನಿರ್ದೇಶಕರ ಬೆರಳು ಆಡಿತು. ಅವಳು ನಿಲ್ಲಿಸಲಿಲ್ಲ. ಕನ್ನಡಿಯ ಆಸೆ, ನೀರಾದ ಪ್ಲಾಸ್ಟರ್, ಕಟ್ಟಿಕೊಂಡ ಕೊಳವೆ, ಎಲ್ಲವನ್ನೂ ಹೇಳಿದಳು. ಅಷ್ಟರಲ್ಲಿ ಕೊಳವೆಗಳ ಸುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತಿತು.

ನಿರ್ದೇಶಕರ ಎರಡೂ ಕೈ ಮೇಲೆದ್ದವು. ಪ್ಲಾಸ್ಟರ್ ಬಾಯಿಯ ಬಳಿ ಒಳಕ್ಕೆ ಕುಸಿಯಿತು. ಅವಳು ಒಂದೇ ನೆಗೆತಕ್ಕೆ ಹೋಗಿ ಹಸಿ ಅಚ್ಚನ್ನು ಕಿತ್ತಳು. ಅವರು ಎದ್ದು ಕೂತು, ನೀರಿನಿಂದ ಮೇಲೆ ಬಂದವರಂತೆ ಗಾಳಿ ಕುಡಿದರು. ಅವಳು ಕೊಳವೆಗಳನ್ನು ಬೆಳಕಿಗೆ ಹಿಡಿದಳು. ಒಂದು ಚೂರೂ ಕಟ್ಟಿರಲಿಲ್ಲ.

“ಯಾರು? ಯಾರು ಮೂಗು ಹಿಡಿದಿದ್ದು?” ಅವರ ದನಿ ಕೀರಲಾಗಿತ್ತು. “ಚಿಕ್ಕ ಕೈ. ತಣ್ಣಗಿತ್ತು. ಯಾವ ಮಗು ಹಗ್ಗ ದಾಟಿದ್ದು?”

ಯಾವ ಮಗುವೂ ಹಗ್ಗ ದಾಟಿರಲಿಲ್ಲ. ಅಜ್ಜಿ ಗೋಡೆಯ ಪಕ್ಕ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಗ್ಗಕ್ಕೆ ಆತುಕೊಂಡು ನಿಂತ ಮಗುವೊಂದು ಮೇಜಿನ ಮೇಲಿನ ಎರಡು ಅಚ್ಚುಗಳನ್ನು ಒಂದಾದ ಮೇಲೊಂದು ನೋಡಿತು. ಎರಡರ ಬಾಯಿಯೂ ಒಂದೇ ಥರ ತೆರೆದಿತ್ತು.

“ಮಿಸ್, ಸರ್ ಕೂಡ ಮಾತು ಕಲೀತಿದ್ರಾ?”

ನಿರ್ದೇಶಕರು ಏನೋ ಹೇಳಹೋದರು, ನಾಲಿಗೆ ಹೊರಳಲಿಲ್ಲ. ಹುಡುಗಿ ಗೊಂಬೆಗಳ ಸಾಲಿನ ನಡುವಿಗೆ ಹೋಗಿ ತಾನು ಮಾಡಿದ ಗೊಂಬೆಯ ಮುಖವನ್ನು ಕಳಚಿದಳು. ಅದರ ಜಾಗಕ್ಕೆ ನಿರ್ದೇಶಕರ ಹಸಿ ಅಚ್ಚನ್ನು ಆನಿಸಿ ನಿಲ್ಲಿಸಿದಳು. ಕೆಳಗಿನ ಫಲಕವನ್ನು ಮುಟ್ಟಲಿಲ್ಲ. ಆಮೇಲೆ ಏಪ್ರನ್ ಬಿಚ್ಚಿ ಮೇಜಿನ ಮೇಲಿಟ್ಟಳು. ಸಹಿಯಾಗದ ಆದೇಶ ಇನ್ನು ಯಾರ ಮೇಜಿನ ಮೇಲೆ ಕೊಳೆತರೂ ಸರಿಯೆ.

ಮೇಸ್ತ್ರಿ ಹಳೆಯ ಅಚ್ಚನ್ನು ಬರಿಗೈಯಲ್ಲಿ ಎತ್ತಿ ತಂದು ಅಜ್ಜಿಯ ಮಡಿಲಿಗಿಟ್ಟ. “ನಿಮ್ದು ತಾಯಿ. ಮೊದಲೇ ಕೊಡ್ಬೇಕಿತ್ತು,” ಎಂದ. ಬಾಗಿಲಲ್ಲಿ ಯಾರೂ ಅವರನ್ನು ತಡೆಯಲಿಲ್ಲ.

ಬಸ್ಸಿನ ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು. “ಅಕ್ಕನಿಗೆ ಚಳಿ ಆಗುತ್ತೆ ಕಣೇ,” ಎಂದು ಅಜ್ಜಿ ತನ್ನ ಶಾಲು ತೆಗೆದು ಅಚ್ಚಿಗೆ ಸುತ್ತಿದಳು. ಹಣೆ, ಕೆನ್ನೆ, ಗಲ್ಲ ಎಲ್ಲ ಮುಚ್ಚಿದಳು. ಮೂಗಿನ ಬಳಿಗೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟಳು. ಮನೆ ಬರುವವರೆಗೂ ಆ ಜಾಗಕ್ಕೆ ಶಾಲಿನ ಅಂಚು ಬೀಳದಂತೆ ಹಿಡಿದುಕೊಂಡೇ ಕೂತಿದ್ದಳು.