ಹುತ್ತವಿಲ್ಲದ ಅಣಬೆ

ತಾನು ಕಿತ್ತು ತಂದದ್ದೆಲ್ಲ ಹುತ್ತದ ಅಣಬೆಯಲ್ಲ ಎಂದು ಮಾಲಿನಿಗೆ ಗೊತ್ತಿತ್ತು. ಗೊತ್ತಿತ್ತು ಅನ್ನುವುದೂ ಪೂರ್ತಿ ನಿಜವಲ್ಲ, ಅನುಮಾನವಿತ್ತು. ಅಷ್ಟನ್ನು ತನಗೆ ತಾನೇ ಒಪ್ಪಿಕೊಳ್ಳುವ ಹೊತ್ತಿಗೆ ಹೆಚ್ಚಿದ ಅಣಬೆಯೆಲ್ಲ ಒಂದಕ್ಕೊಂದು ಬೆರೆತು, ಸಾರಿನಲ್ಲಿ ಕೊತಕೊತ ಕುದಿಯುತ್ತಿತ್ತು.

ಹೊರಗೆ ಬಿಡದ ಮಳೆ. ಹೊನ್ನಾವರ ದಾಟಿದ ಮೇಲೆ, ಕಡಲಿಗೂ ಕಾಡಿಗೂ ನಡುವೆ ಸಿಕ್ಕ ಒಂದು ಬಯಲಿನಲ್ಲಿ ಚಿಕ್ಕಪ್ಪ ಮೋಹನ್‌ಕುಮಾರ್ ತನ್ನ ಮೋಟಾರ್‌ಹೋಮ್ ನಿಲ್ಲಿಸಿದ್ದ. ತುಮಕೂರು ಕಡೆಯ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಅವನ ಕೆಲಸ. ಹಳೇ ಟೆಂಪೋ ಟ್ರಾವೆಲರ್ ಕೊಂಡು, ಕುಣಿಗಲ್ಲಿನ ಶೆಡ್ಡಿನಲ್ಲಿ ಮಂಚ, ಸಿಂಕು, ಗ್ಯಾಸ್ ಒಲೆ ಕೂರಿಸಿದ್ದ. ಮೊದಲ ಪ್ರಯಾಣಕ್ಕೆ ಹೆಂಡತಿ ಪ್ರೇಮಲತಾ, ಕಡಬದಿಂದ ತಾಯಿ ಹನುಮಕ್ಕ, ಜೊತೆಗೆ ತುಮಕೂರಿನಲ್ಲಿ ಡಿಗ್ರಿ ಮುಗಿಸಿ ಸುಮ್ಮನೆ ಕೂತಿದ್ದ ಅಣ್ಣನ ಮಗಳು ಮಾಲಿನಿ.

ಬೆಳಿಗ್ಗೆ ಕಾಡಿನಂಚಿನಲ್ಲಿ ಅಣಬೆ ಕಂಡಾಗ ಹನುಮಕ್ಕ ತುಟಿಯ ಮೇಲೆ ಬೆರಳಿಟ್ಟಿದ್ದಳು. ಕೀಳುವಾಗ ಮಾತಾಡಿದರೆ ಮಿಕ್ಕವು ಮಣ್ಣೊಳಗೇ ಕೂತುಬಿಡುತ್ತವೆ ಅನ್ನುವುದು ಆ ಮನೆಯವರ ನಂಬಿಕೆ. ಎಲ್ಲರೂ ಮೂಕರಂತೆ ಹುತ್ತದ ಸುತ್ತ ಬಗ್ಗಿದರು. ಮಾಲಿನಿಯ ಚೀಲ ತುಂಬಲಿಲ್ಲ. ಆಚೆ ಒಂದು ಮರದಡಿಗೆ ಹೋದಳು. ಅಲ್ಲೂ ಬೆಳ್ಳಗೆ ಎದ್ದು ನಿಂತಿದ್ದವು, ಆದರೆ ಹುತ್ತ ಇರಲಿಲ್ಲ. ಕಿತ್ತರೆ ಹುತ್ತದ ಅಣಬೆಗಿರುವ ಉದ್ದನೆಯ ಬೇರಿನ ಬದಲು ಬುಡದಲ್ಲಿ ಸಣ್ಣ ಬಟ್ಟಲಿನಂಥದ್ದು ಬಂತು. ಅಜ್ಜಿಯನ್ನು ಕೇಳೋಣವೆಂದರೆ ಮಾತಾಡುವ ಹಾಗಿಲ್ಲ. ಬುಡ ಚಿವುಟಿ ಎಸೆದು ಚೀಲಕ್ಕೆ ಹಾಕಿಕೊಂಡಳು.

ಗಾಡಿಗೆ ಬಂದಾಗ ಅಜ್ಜಿ ಚೀಲಗಳನ್ನೆಲ್ಲ ಎತ್ತಿ ನೋಡಿ, "ನೋಡ್ರಲಾ, ಈ ಮೂಕಿನೇ ಜಾಸ್ತಿ ಕಿತ್ತವ್ಳೆ! ಬಾಯ್ಮುಚ್ಕೊಂಡಿರೋರ್ಗೇ ಭೂಮ್ತಾಯಿ ಕೊಡಾದು," ಅಂದಿದ್ದಳು.

"ಅದು ನಂಗೆ ಹೇಳಿದ್ದು ತಾನೇ ಅತ್ತೆ?" ಎಂದು ಪ್ರೇಮಲತಾ ನಕ್ಕಿದ್ದಳು.

ಮಾಲಿನಿಯನ್ನು ಯಾರಾದರೂ ಎಲ್ಲರೆದುರು ಹೊಗಳಿದ್ದು ಅಪರೂಪ. ಆ ಖುಷಿಯೇ ಅವಳ ಬಾಯಿ ಕಟ್ಟಿಹಾಕಿತು.

ಈಗ ಹನುಮಕ್ಕ ಸೌಟಿನಲ್ಲಿ ಬೆಳ್ಳುಳ್ಳಿಯ ಎಸಳೊಂದನ್ನು ಎತ್ತಿ ತೋರಿಸಿದಳು. "ಕಪ್ಪಾಗಿಲ್ಲ. ವಿಷ ಇಲ್ಲ ಬುಡು."

ಬೆಳ್ಳುಳ್ಳಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದು ಮಾಲಿನಿ ಓದಿದ್ದಳು.

"ಚಿಕ್ಕಪ್ಪ..." ಗಾಡಿಯ ತಗಡಿನ ಮೇಲೆ ಬೀಳುತ್ತಿದ್ದ ಮಳೆಯಲ್ಲಿ ಅವಳ ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ.

"ಏನವ್ವಾ?"

"ನಂಗೆ... ಸಾರು ಬೇಡ. ಹೊಟ್ಟೆ ಸರಿಯಿಲ್ಲ."

"ಘಾಟೀಲಿ ಹೆಲಿಕಾಪ್ಟರ್ ಥರ ಓಡ್ಸಿದ್ರೆ ಯಾರ ಹೊಟ್ಟೆ ಸರಿ ಇರತ್ತೆ ರೀ?" ಎಂದು ಪ್ರೇಮಲತಾ ಗಂಡನನ್ನು ಚುಚ್ಚಿದಳು.

ಅವರು ನಗುತ್ತಿದ್ದರೆ ಮಾಲಿನಿ ಸಾರಿನ ಪಾತ್ರೆಯನ್ನೇ ನೋಡಿದಳು. ತನ್ನೊಬ್ಬಳ ಜೀವ ಉಳಿಸಿಕೊಂಡು ಕೂತಂತಾಯಿತಲ್ಲ! ಎದ್ದು ನೀರು ತೆಗೆದುಕೊಳ್ಳುವವಳ ಹಾಗೆ ಪಾತ್ರೆಗೆ ಮೊಣಕೈ ತಾಗಿಸಲು ಹೋದಳು. ಚೆಲ್ಲಿಹೋದರೆ ಯಾರಿಗೂ ಏನೂ ಹೇಳಬೇಕಿರಲಿಲ್ಲ.

"ಏಯ್, ಸುಟ್ಕೋತೀಯ ಕಣೇ!" ಪ್ರೇಮಲತಾ ಪಾತ್ರೆಯನ್ನು ಎತ್ತಿ ಆಚೆಗಿಟ್ಟಳು.

ತಟ್ಟೆಗೆ ಮುದ್ದೆ ಬಿತ್ತು. ಅಣಬೆ ಸಾರಿನ ಮೊದಲ ತುತ್ತು ಯಾವಾಗಲೂ ಮನೆಯ ಹಿರಿಯರದು. ಅವರು ಉಂಡು ಎಲೆಅಡಿಕೆ ಹಾಕಿಕೊಳ್ಳುವ ತನಕ ಮಿಕ್ಕವರು ಕಾಯಬೇಕು. ಹನುಮಕ್ಕ ಚಕ್ಕಳಮಕ್ಕಳ ಹಾಕಿ ಕೂತಳು.

"ನಂಗೇನಾರ ಆದ್ರೆ ಸಾರು ಚೆಲ್ಬುಡಿ. ಗಾಡಿ ಮಾತ್ರ ಮಾರ್ಬ್ಯಾಡ ಕಣ್ಲಾ ಮೋಹ್ನ, ಚೆಂದಾಗೈತೆ."

"ಸುಮ್ನೆ ಉಣ್ಣವ್ವ, ನಮ್ಗೂ ಹಸ್ವು."

ಏನೂ ಆಗುವುದಿಲ್ಲ, ಈಗಲೇ ಆಗುವುದಿಲ್ಲ. ಮಾಲಿನಿಯನ್ನು ಹೆದರಿಸಿದ್ದು ಅದೇ. ಕೆಲವು ಅಣಬೆಯ ವಿಷ ಮಾರನೇ ದಿನದವರೆಗೂ ಸುಳಿವು ಕೊಡುವುದಿಲ್ಲ. ಅಜ್ಜಿ ಉಂಡು, ಎಲೆಅಡಿಕೆ ಜಗಿದು, ನಗುತ್ತಾಳೆ. ಆಮೇಲೆ ಚಿಕ್ಕಪ್ಪ ಉಣ್ಣುತ್ತಾನೆ, ಚಿಕ್ಕಮ್ಮ ಉಣ್ಣುತ್ತಾಳೆ. ಆಸ್ಪತ್ರೆ ಎಲ್ಲಿದೆಯೋ, ಈ ಮಳೆಯಲ್ಲಿ.

ಹನುಮಕ್ಕ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. ಅದರ ಜೊತೆ ಬೆಳ್ಳನೆಯ ಹೋಳೊಂದು ಬಂತು. ಕೈ ಮೇಲೆದ್ದಿತು.

ಮಾಲಿನಿ ಆ ಮುಂಗೈ ಹಿಡಿದುಕೊಂಡಳು. ಸಾರು ಅಜ್ಜಿಯ ಸೀರೆಯ ಮೇಲೆ ತೊಟ್ಟಿಕ್ಕಿತು. ಮೂವರೂ ಅವಳ ಮುಖವನ್ನೇ ನೋಡಿದರು.

"ತಿನ್ಬೇಡ ಅಜ್ಜಿ," ಅಂದಳು, ಮಳೆಗಿಂತ ಜೋರಾಗಿ. "ನಾನು ಕಿತ್ತಿದ್ದು ಹುತ್ತದ್ದಲ್ಲ."